ಎರೆ ಮಣ್ಣಿನ ಮೇಲೆ ಮನೆ: ಮಣ್ಣು ಬದಲಿಸೋದಾ, ಸುಣ್ಣ ಬೆರೆಸೋದಾ, ಪೈಲ್ ಇಳಿಸೋದಾ?

ರಾಯಚೂರು, ಸಿಂಧನೂರು, ಸಿರುಗುಪ್ಪ, ಕುಷ್ಟಗಿ ಕಡೆ ಎರೆ (ಕರಿ ಜೇಡಿ ಮಣ್ಣಿನ) ಭೂಮಿಯಲ್ಲಿ ಸೈಟು ತಗೊಂಡವರಿಗೆ ಸಲಹೆಗೆ ಬರವಿಲ್ಲ. ಗೌಂಡಿ ಬಂದು "ಎರಿ ಐತ್ರಿ ಸರ, ಆರು ಫೂಟು ತೆಗೆದು ಉಸುಕು ತುಂಬೋಣ್ರಿ" ಅನ್ನುತ್ತಾರೆ. ಇನ್ನೊಬ್ಬರು ಸುಣ್ಣ ಬೆರೆಸಿದರೆ ಸಾಕು ಅನ್ನುತ್ತಾರೆ. ಎಂಜಿನಿಯರ್ ಪೈಲ್, ಅಂದರೆ ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ ಅನ್ನುತ್ತಾರೆ. ಪಕ್ಕದ ಸೈಟಿನವರು ಕಬ್ಬಿಣ ಜಾಸ್ತಿ ಹಾಕಿಸಿ, ಏನೂ ಆಗಲ್ಲ ಅನ್ನುತ್ತಾರೆ. ಎಲ್ಲರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತಾರೆ. ಆದರೆ ಅವರು ಕಂಡ ಮಣ್ಣು ಬೇರೆ, ನಿಮ್ಮ ಕಾಲ ಕೆಳಗಿನ ಮಣ್ಣು ಬೇರೆ ಇರಬಹುದು.

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ, ಹಸಿಯಾಗಿದ್ದಾಗ ಭಾರ ಹೇರಿದರೆ ಕುಸಿಯುತ್ತದೆ. ಈ ಮೂರಕ್ಕೂ ಮೂಲ ಒಂದೇ. ಅದು ಮಣ್ಣಿನ ಕಣಗಳ ನಡುವಿನ ವಿದ್ಯುತ್ ಬಲ. ಮೇಲೆ ಹೇಳಿದ ಒಂದೊಂದು ಉಪಾಯವೂ ಆ ಬಲದ ಜೊತೆ ಒಂದೊಂದು ರೀತಿ ವ್ಯವಹರಿಸುತ್ತದೆ. ಸುಣ್ಣ ಆ ಬಲವನ್ನೇ ತಗ್ಗಿಸುತ್ತದೆ. ಪೈಲ್ ಅದನ್ನು ದಾಟಿ ಕೆಳಕ್ಕೆ ಹೋಗುತ್ತದೆ. ಮಣ್ಣು ಬದಲಿಸಿದರೆ ಬಲವಿರುವ ಮಣ್ಣೇ ಹೊರಗೆ ಹೋಗುತ್ತದೆ. ಕಬ್ಬಿಣ ಅದನ್ನು ತಡೆದುಕೊಳ್ಳಲು ನೋಡುತ್ತದೆ. ಹಾಗಾಗಿ ಮೊದಲು ಮಣ್ಣಿನ ಮಾತು ಮುಗಿಸೋಣ, ಆಮೇಲೆ ಬುನಾದಿಗೆ ಬರೋಣ. ಈ ಕ್ರಮ ತಿರುವುಮುರುವಾದ ಕಡೆಯೇ ದುಡ್ಡು ನೀರಾಗುವುದನ್ನು ಹೆಚ್ಚಾಗಿ ನೋಡಿದ್ದೇನೆ.

ಕಣಗಳ ನಡುವೆ ಏನು ನಡೆಯುತ್ತದೆ

ಎರೆ ಮಣ್ಣಿನ ಗುಣಕ್ಕೆ ಮುಖ್ಯ ಕಾರಣ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ. ಇದರ ಕಣ ಉಸುಕಿನ ಕಾಳಿನಂತೆ ಗುಂಡಗಿರುವುದಿಲ್ಲ, ತೆಳ್ಳನೆಯ ಹಾಳೆಯಾಗಿರುತ್ತದೆ. ಒಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು. ಇಂಥ ಹಾಳೆಗಳು ವೀಳ್ಯದೆಲೆಯ ಕಟ್ಟಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಒಂದೇ ಒಂದು ಗ್ರಾಂ ಮಾಂಟ್‌ಮೊರಿಲ್ಲೊನೈಟಿನ ಎಲ್ಲ ಹಾಳೆಗಳ ಎರಡೂ ಮೈ ಲೆಕ್ಕ ಹಾಕಿದರೆ ಸುಮಾರು 800 ಚದರ ಮೀಟರ್ ಆಗುತ್ತದೆ. ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಸಿಗುವ ಕೆಯೋಲಿನೈಟ್ ಖನಿಜಕ್ಕೆ ಇದು 10ರಿಂದ 20 ಚದರ ಮೀಟರ್ ಮಾತ್ರ. ಎರೆ ಮತ್ತು ಮಸಾರಿಯ (ಕೆಂಪು ಮಣ್ಣಿನ) ನಡುವಿನ ವ್ಯತ್ಯಾಸದ ಬೇರು ಇಲ್ಲಿದೆ.

ಈ ಹಾಳೆಯೊಳಗೆ ಅಲ್ಯುಮಿನಿಯಂ ಇರಬೇಕಾದ ಕೆಲವು ಜಾಗದಲ್ಲಿ ಮೆಗ್ನೀಸಿಯಂ ಕೂತಿರುತ್ತದೆ. ಅಲ್ಯುಮಿನಿಯಂಗೆ ಮೂರು ಧನ ಆವೇಶ, ಮೆಗ್ನೀಸಿಯಂಗೆ ಎರಡು. ಹಾಗಾಗಿ ಹಾಳೆಯ ಮೈಯಲ್ಲಿ ಋಣ ಆವೇಶ ಉಳಿದುಬಿಡುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು (ಧನ ಆವೇಶ ಹೊತ್ತ ಪರಮಾಣುಗಳು) ಹಾಳೆಗಳ ಸುತ್ತ ನೀರಿನಲ್ಲಿ ಸುಳಿಯುತ್ತಿರುತ್ತವೆ. ಹಾಳೆ ಅವನ್ನು ಹತ್ತಿರಕ್ಕೆ ಎಳೆಯುತ್ತದೆ. ಅವು ದೂರ ಹರಡಿಕೊಳ್ಳಲು ನೋಡುತ್ತವೆ. ಈ ಎಳೆದಾಟದಲ್ಲಿ ಹಾಳೆಯ ಸುತ್ತ ಅಯಾನುಗಳ ಒಂದು ಮೋಡ ಉಳಿದುಕೊಳ್ಳುತ್ತದೆ. ಹಾಳೆ ಮತ್ತು ಈ ಮೋಡವನ್ನು ಸೇರಿಸಿ ವಿಜ್ಞಾನದಲ್ಲಿ ದ್ವಿಪದರ ಅನ್ನುತ್ತಾರೆ. ಇದರ ಲೆಕ್ಕವನ್ನು 1910ರಲ್ಲಿ ಗೂಯ್, 1913ರಲ್ಲಿ ಚಾಪ್‌ಮನ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಹಾಕಿದರು.

ಈಗ ಎರಡು ಹಾಳೆ ಅಕ್ಕಪಕ್ಕ ಇವೆ ಅಂದುಕೊಳ್ಳಿ. ನಡುವಿನ ಸಂದಿಯಲ್ಲಿ ಅಯಾನುಗಳು ದಟ್ಟವಾಗಿವೆ. ಹೊರಗಿನ ನೀರಿನಲ್ಲಿ ಕಡಿಮೆ ಇವೆ. ಮಳೆ ಬಂದಾಗ ಆ ದಟ್ಟಣೆಯನ್ನು ತೆಳುವಾಗಿಸಲು ನೀರು ಸಂದಿಯೊಳಗೆ ನುಗ್ಗುತ್ತದೆ, ಹಾಳೆಗಳನ್ನು ದೂರ ತಳ್ಳುತ್ತದೆ. ಉಬ್ಬುವುದು ಅಂದರೆ ಇದೇ. ಮೇಲೆ ಭಾರ ಹೇರಿದರೆ ಉಲ್ಟಾ ಆಗುತ್ತದೆ. ಸಂದಿಯ ನೀರು ನಿಧಾನಕ್ಕೆ ಹಿಂಡಿ ಹೊರಬರುತ್ತದೆ, ಹಾಳೆಗಳು ಹತ್ತಿರವಾಗುತ್ತವೆ, ಹತ್ತಿರವಾದಷ್ಟೂ ತಳ್ಳುವ ಬಲ ಏರುತ್ತದೆ. ಆ ಬಲ ಮೇಲಿನ ಭಾರಕ್ಕೆ ಸಮನಾದಾಗ ಕುಸಿತ ನಿಲ್ಲುತ್ತದೆ. ಹಾಗಾಗಿ ಉಬ್ಬುವ ಮಣ್ಣೇ ಜಾಸ್ತಿ ಕುಸಿಯುವ ಮಣ್ಣೂ ಹೌದು. ತುಂಬಾ ಜನ ಇವೆರಡನ್ನು ಬೇರೆ ಬೇರೆ ರೋಗ ಅಂದುಕೊಂಡು ಬೇರೆ ಬೇರೆ ಔಷಧ ಹುಡುಕುತ್ತಾರೆ.

ಮಸಾರಿಯ ಕಥೆ ಹೀಗಲ್ಲ. ಕೆಯೋಲಿನೈಟಿನ ಆವೇಶ ಕಡಿಮೆ. ಅಲ್ಲಿ ಕಣಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ಒಂದರ ಅಂಚು ಇನ್ನೊಂದರ ಮೈಗೆ ಅಂಟಿರುತ್ತದೆ. ಭಾರ ಬಂದಾಗ ಆ ಅಂಟನ್ನು, ಆ ಘರ್ಷಣೆಯನ್ನು ಮೀರಿ ಕಣ ಜಾರಿದರೆ ಮಾತ್ರ ಕುಸಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಶ್ರೀಧರನ್ ಮತ್ತು ಜಿ. ವೆಂಕಟಪ್ಪ ರಾವ್ ಈ ಎರಡು ಬಗೆಯನ್ನು 1973ರಲ್ಲಿ ಬಿಡಿಸಿ ತೋರಿಸಿದರು. ಒಂದರಲ್ಲಿ ತಳ್ಳುವ ಬಲದ್ದೇ ಕಾರುಬಾರು, ಇನ್ನೊಂದರಲ್ಲಿ ಕಣಗಳು ಕಚ್ಚಿಕೊಂಡಿರುವ ಗಟ್ಟಿತನದ್ದು. ಮಸಾರಿಗೆ ಒಗ್ಗಿದ ಬುನಾದಿ ಎರೆಗೆ ಯಾಕೆ ಒಗ್ಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಗೊತ್ತಿಲ್ಲ.

ತಳ್ಳುವ ಬಲ ಎಷ್ಟು ದೂರ ಚಾಚುತ್ತದೆ ಅನ್ನುವುದನ್ನು ಮೂರು ಸಂಗತಿ ತೀರ್ಮಾನಿಸುತ್ತವೆ. ಮೊದಲನೆಯದು ಯಾವ ಅಯಾನು ಅನ್ನುವುದು. ಎರಡು ಆವೇಶದ ಕ್ಯಾಲ್ಸಿಯಂ ಹಾಳೆಯ ಹತ್ತಿರವೇ ಉಳಿಯುತ್ತದೆ. ಒಂದು ಆವೇಶದ ಸೋಡಿಯಂ ದೂರದವರೆಗೆ ಹರಡುತ್ತದೆ. ಕ್ಯಾಲ್ಸಿಯಂ ಇರುವ ಮಾಂಟ್‌ಮೊರಿಲ್ಲೊನೈಟ್ ನೆನೆದರೂ ಹಾಳೆಯಿಂದ ಹಾಳೆಗೆ ಸುಮಾರು 2 ನ್ಯಾನೊಮೀಟರ್ ಅಂತರಕ್ಕೆ ನಿಂತುಬಿಡುತ್ತದೆ. ಸೋಡಿಯಂ ಇದ್ದರೆ ಅಲ್ಲಿ ನಿಲ್ಲದೆ ಹಾಳೆಗಳು ಪೂರ್ತಿ ಬಿಡಿಬಿಡಿಯಾಗುವವರೆಗೂ ಹೋಗಬಲ್ಲದು. ಎರಡನೆಯದು ನೀರಿನಲ್ಲಿರುವ ಉಪ್ಪು. ಉಪ್ಪು ನೂರು ಪಟ್ಟು ಹೆಚ್ಚಾದರೆ ಮೋಡದ ದಪ್ಪ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಮೂರನೆಯದು ದ್ರವದ ಗುಣ. ಆವೇಶಗಳ ನಡುವಿನ ಸೆಳೆತವನ್ನು ದ್ರವ ಎಷ್ಟು ಪಟ್ಟು ತಗ್ಗಿಸುತ್ತದೆ ಅನ್ನುವ ಅಳತೆಗೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಅನ್ನುತ್ತಾರೆ. ನೀರಿನದು ಸುಮಾರು 80, ಸೀಮೆಎಣ್ಣೆಯದು ಸುಮಾರು 2. ಸೀಮೆಎಣ್ಣೆಯಲ್ಲಿ ಅಯಾನುಗಳ ಮೋಡ ಬೆಳೆಯುವುದೇ ಇಲ್ಲ. ಮನೆ ಕಟ್ಟುವವರಿಗೆ ಸೀಮೆಎಣ್ಣೆಯಿಂದ ಏನಾಗಬೇಕು ಅನ್ನಿಸಬಹುದು. ಮುಂದೆ ಹೇಳುವ ಮಣ್ಣಿನ ಪರೀಕ್ಷೆ ನಿಂತಿರುವುದೇ ಅದರ ಮೇಲೆ.

ಎರಡು ಜಾಡಿ, ಒಂದು ಹೆಂಟೆ

ಮಣ್ಣಿನ ಪರೀಕ್ಷೆ ಅಂದ ತಕ್ಷಣ ದೊಡ್ಡ ಖರ್ಚು ಅಂತ ಹೆದರಬೇಡಿ. ಮೊದಲ ಪರೀಕ್ಷೆ ಬಲು ಸರಳ. ಭಾರತೀಯ ಮಾನಕ 2720ರ 40ನೇ ಭಾಗದಲ್ಲಿ ಇದರ ವಿಧಾನ ಇದೆ. ಒಲೆಯಲ್ಲಿ ಒಣಗಿಸಿದ, 425 ಮೈಕ್ರಾನ್ ಜರಡಿಯಲ್ಲಿ ಸಾಣಿಸಿದ ಮಣ್ಣನ್ನು 10 ಗ್ರಾಂ ಲೆಕ್ಕದಲ್ಲಿ ಎರಡು ಪಾಲು ತಗೊಳ್ಳುತ್ತಾರೆ. 100 ಮಿಲಿಲೀಟರಿನ ಎರಡು ಅಳತೆ ಜಾಡಿ. ಒಂದರಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್. ಮಣ್ಣು ಸುರಿದು, ಗಾಜಿನ ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ, ಕನಿಷ್ಠ 24 ಗಂಟೆ ಅಲುಗಾಡಿಸದೆ ಇಡುತ್ತಾರೆ.

ಮರುದಿನ ನೋಡಿ. ಸೀಮೆಎಣ್ಣೆಯ ಜಾಡಿಯಲ್ಲಿ ಮಣ್ಣು ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, 11 ಮಿಲಿಲೀಟರ್ ಅಂತಿಟ್ಟುಕೊಳ್ಳಿ. ನೀರಿನ ಜಾಡಿಯಲ್ಲಿ ಅದೇ ಮಣ್ಣು ಮೆತ್ತಗೆ, ಮೇಲ್ಮೈ ಸ್ವಲ್ಪ ಅಸ್ಪಷ್ಟವಾಗಿ, 22ರ ಗೆರೆ ಮುಟ್ಟಿರುತ್ತದೆ. ಅಂದರೆ ನೂರಕ್ಕೆ ನೂರು ಉಬ್ಬಿದೆ. ಇದಕ್ಕೆ ಫ್ರೀ ಸ್ವೆಲ್ ಇಂಡೆಕ್ಸ್ ಅನ್ನುತ್ತಾರೆ. 50ಕ್ಕಿಂತ ಕಡಿಮೆ ಇದ್ದರೆ ಉಬ್ಬು ಕಡಿಮೆ, 50ರಿಂದ 100 ಮಧ್ಯಮ, 100ರಿಂದ 200 ಹೆಚ್ಚು, 200 ದಾಟಿದರೆ ಅತಿ ಹೆಚ್ಚು. ಮಸಾರಿ ಮಣ್ಣನ್ನು ಇದೇ ರೀತಿ ಇಟ್ಟರೆ ಕೆಲವು ಸಲ ನೀರಿಗಿಂತ ಸೀಮೆಎಣ್ಣೆಯಲ್ಲೇ ಜಾಸ್ತಿ ಎತ್ತರ ಕೂರುತ್ತದೆ. ಸೀಮೆಎಣ್ಣೆಯಲ್ಲಿ ಕೆಯೋಲಿನೈಟ್ ಕಣಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡು, ನಡುವೆ ಖಾಲಿ ಜಾಗ ಬಿಟ್ಟು ಕೂರುವುದೇ ಅದಕ್ಕೆ ಕಾರಣ. ಆಗ ಲೆಕ್ಕ ಸೊನ್ನೆಗಿಂತ ಕೆಳಗೆ ಬರುತ್ತದೆ. ಪ್ರಯೋಗಾಲಯದ ಚೀಟಿಯಲ್ಲಿ ಋಣ ಸಂಖ್ಯೆ ಕಂಡರೆ ತಪ್ಪಾಗಿದೆ ಅಂದುಕೊಳ್ಳಬೇಡಿ, ಅದು ಒಳ್ಳೆಯ ಸುದ್ದಿ.

ಎರಡನೆಯ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಗಾಜಿನ ಲೋಟದಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಶುದ್ಧ ಮಳೆನೀರು ತಗೊಳ್ಳಿ. ಕಡಲೆಕಾಳಿನಷ್ಟು ದೊಡ್ಡ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಬಿಡಿ. ಕಲಕಬೇಡಿ. ಹೆಂಟೆ ಉದುರಿ ಗುಡ್ಡೆಯಾಗಿ, ಸುತ್ತಲಿನ ನೀರು ತಿಳಿಯಾಗಿಯೇ ಇದ್ದರೆ ಕ್ಯಾಲ್ಸಿಯಂ ಮೇಲುಗೈ ಇದೆ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿ, ಗಂಟೆಗಟ್ಟಲೆ ತಿಳಿಯಾಗದೆ ಉಳಿದರೆ ಸೋಡಿಯಂ ಇದೆ ಅಂತ ಅನುಮಾನಿಸಿ. ಬೋರಿನ ನೀರು ಬಳಸಬೇಡಿ. ಅದರಲ್ಲಿರುವ ಉಪ್ಪು ಆ ಮಬ್ಬನ್ನು ಮುಚ್ಚಿಬಿಡುತ್ತದೆ.

ಈ ಲೋಟದ ಪರೀಕ್ಷೆಯನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಭಾಗದಲ್ಲಿ ಎರೆ ಭೂಮಿ ಎಲ್ಲ ಕಡೆ ಒಂದೇ ಥರ ಉಳಿದಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ, ಬಲದಂಡೆ ಕಾಲುವೆಗಳಲ್ಲಿ ನೀರು ಬಂದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಎಷ್ಟೋ ಹೊಲ ಭತ್ತದ ಗದ್ದೆಯಾದವು. ಕೆಲವು ಸವಳು ಜವಳಾದವು, ಅಂದರೆ ಉಪ್ಪೇರಿ, ನೀರು ನಿಂತು ಕೆಟ್ಟವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಸವಳು ಭೂಮಿಯ ಮೇಲೇ ಕೆಲಸ ಮಾಡುತ್ತದೆ. ಒಣಬೇಸಾಯದ ಎರೆಯಲ್ಲಿ ಸಾಮಾನ್ಯವಾಗಿ ಸುಣ್ಣದ ಹರಳು ಇರುತ್ತವೆ, ಕ್ಯಾಲ್ಸಿಯಂಗೆ ಕೊರತೆ ಇಲ್ಲ. ಸವಳಾದ ಕಡೆ ಸೋಡಿಯಂ ಜಾಗ ಹಿಡಿದಿರುತ್ತದೆ. ನೋಡಲು ಎರಡೂ ಕರಿ ಮಣ್ಣೇ.

ಸವಳು ಭೂಮಿಯಲ್ಲಿ ಇನ್ನೊಂದು ಮೋಸ ಇದೆ. ಉಪ್ಪು ತುಂಬಿರುವವರೆಗೆ ಮೋಡ ತೆಳ್ಳಗಿರುತ್ತದೆ, ಮಣ್ಣು ಶಾಂತವಾಗಿ ಕಾಣುತ್ತದೆ. ಕೆಲವು ಮಳೆಗಾಲ ಕಳೆದು ಉಪ್ಪು ತೊಳೆದು ಹೋದಾಗ ಸೋಡಿಯಂ ಮಾತ್ರ ಹಾಳೆಗೆ ಅಂಟಿಕೊಂಡು ಉಳಿಯುತ್ತದೆ. ಆಗ ಉಬ್ಬು ಏರುತ್ತದೆ. ಕಟ್ಟಿದ ವರ್ಷ ಚೆನ್ನಾಗಿದ್ದ ಮನೆ ಆಮೇಲೆ ಬಿರುಕು ಬಿಡುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಮಣ್ಣು ಬದಲಿಸುವುದು

ಸೈಟಿನಲ್ಲಿ ಗುಂಡಿ ತೋಡಿಸಿ. ನಾಲ್ಕೈದು ಅಡಿಗೆ ಗರಸು (ಉಬ್ಬದ, ಗಟ್ಟಿಯಾದ ಕಲ್ಲುಮಿಶ್ರಿತ ಪದರ) ಸಿಕ್ಕರೆ ಯೋಚನೆಯೇ ಬೇಡ. ಎರೆಯನ್ನು ಪೂರ್ತಿ ತೆಗೆದು ಗರಸಿನ ಮೇಲೆ ಬುನಾದಿ ಕೂರಿಸಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಕಲ್ಲುಗುಡ್ಡದ ಅಂಚಿನ ಸೈಟುಗಳಿಗೆ ಈ ಅದೃಷ್ಟ ಹೆಚ್ಚು. ಇದಕ್ಕಿಂತ ನಿಶ್ಚಿಂತೆಯ ಪರಿಹಾರ ಇನ್ನೊಂದಿಲ್ಲ.

ಎರೆ ಎಂಟು ಹತ್ತು ಅಡಿ ಇದ್ದರೆ ಲೆಕ್ಕ ಬದಲಾಗುತ್ತದೆ. ಅಗೆತ, ಸಾಗಣೆ, ತುಂಬುವ ಮಣ್ಣು, ರೋಲರ್ ಎಲ್ಲ ಸೇರಿ ಪೈಲಿನ ಖರ್ಚನ್ನು ದಾಟಬಹುದು. ಅರ್ಧ ತೆಗೆದು ಅರ್ಧ ಬಿಡುವವರು ಏನು ತುಂಬುತ್ತಾರೆ ಅನ್ನುವುದು ಮುಖ್ಯ. ಉಸುಕು ಬೇಡ. ಉಸುಕಿನ ಮೂಲಕ ನೀರು ಸಲೀಸಾಗಿ ಇಳಿದು ಕೆಳಗಿನ ಎರೆಯ ಮೇಲೆ ನಿಲ್ಲುತ್ತದೆ. ಸುತ್ತಲೂ ಎರೆ ಇರುವುದರಿಂದ ಅದಕ್ಕೆ ಹೊರಹೋಗಲು ದಾರಿ ಇಲ್ಲ. ನೀವೇ ಬುನಾದಿಯ ಅಡಿಗೆ ನೀರು ಕಳಿಸಿದಂತಾಗುತ್ತದೆ.

ಅದರ ಬದಲು ಉಬ್ಬದ, ಆದರೆ ಸ್ವಲ್ಪ ಅಂಟು ಇರುವ ಕೆಂಪು ಮರಂ (ಜಲ್ಲಿಕಲ್ಲು ಬೆರೆತ ಮಣ್ಣು) ಬಳಸಿ. ಐಐಟಿ ಬಾಂಬೆಯ ಆರ್. ಕೆ. ಕಟ್ಟಿ ಈ ವಿಧಾನದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಎರೆ ಭೂಮಿಯಲ್ಲಿ ಮೀಟರಿಗಿಂತ ಸ್ವಲ್ಪ ಕೆಳಗೆ ಹೋದರೆ ನೀರು ಬಿದ್ದರೂ ಉಬ್ಬು ತೀರ ಕಡಿಮೆ ಅನ್ನುವುದನ್ನು ಗಮನಿಸಿ, ಮೇಲೆ ಅಂಟುಳ್ಳ ಉಬ್ಬದ ಮಣ್ಣಿನ ಪದರ ಕೂರಿಸಿದರೆ ಕೆಳಗಿನ ಎರೆ ಹದ್ದುಬಸ್ತಿನಲ್ಲಿ ಇರುತ್ತದೆ ಅಂತ ತೋರಿಸಿದರು. ಮಲಪ್ರಭಾ ಕಾಲುವೆಯಲ್ಲಿ ಇದನ್ನು ಬಳಸಿದರು. ಇದಕ್ಕೆ ಸಿಎನ್ಎಸ್ (ಕೊಹೆಸಿವ್ ನಾನ್ ಸ್ವೆಲ್ಲಿಂಗ್) ಪದರ ಅನ್ನುತ್ತಾರೆ. ದಪ್ಪ ಸುಮಾರು ಒಂದು ಮೀಟರ್. ಒಂದೇ ಸಲ ಸುರಿಯದೆ 15ರಿಂದ 20 ಸೆಂಟಿಮೀಟರ್ ಪದರಗಳಲ್ಲಿ ನೀರು ಚಿಮುಕಿಸಿ ಧಮ್ಮಸು ಹೊಡೆಯಬೇಕು. ಬುನಾದಿಯ ಅಂಚಿನಿಂದ ಎರಡು ಮೂರು ಅಡಿ ಹೊರಗಿನವರೆಗೂ ಹಾಸಬೇಕು. ಆದರೆ ಮರಂ ಅಂತ ಬರುವ ಲೋಡೆಲ್ಲ ಸರಿ ಇರುವುದಿಲ್ಲ. ಅದನ್ನೂ ಎರಡು ಜಾಡಿಯ ಪರೀಕ್ಷೆಗೆ ಹಾಕಿ ನೋಡಿ.

ಸುಣ್ಣ, ಜಿಪ್ಸಂ, ಹಾರುಬೂದಿ

ವಿದ್ಯುತ್ ಬಲವನ್ನು ನೇರವಾಗಿ ತಗ್ಗಿಸುವ ಉಪಾಯ ಸುಣ್ಣ. ಹೀಗಾಗಿಯೇ ನನಗೆ ಇದರ ಮೇಲೆ ಒಲವು ಜಾಸ್ತಿ. ಆದರೆ ಎಲ್ಲ ಕಡೆ ಇದನ್ನು ಹೇಳಲಾರೆ.

ಸುಣ್ಣ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಬೆರೆಸಿದ ಕೆಲವೇ ಗಂಟೆಗಳಲ್ಲಿ ಕ್ಯಾಲ್ಸಿಯಂ ಹೋಗಿ ಹಾಳೆಗಳ ಮೇಲಿನ ಸೋಡಿಯಂ ಜಾಗ ಹಿಡಿಯುತ್ತದೆ. ಅಯಾನುಗಳ ಮೋಡ ಕುಗ್ಗುತ್ತದೆ, ಹಾಳೆಗಳು ಗುಂಪುಗೂಡುತ್ತವೆ. ಕೈಗೆ ಅಂಟುತ್ತಿದ್ದ ಮಣ್ಣು ಪುಡಿಪುಡಿಯಾಗಿ ಉದುರಲು ಶುರುವಾಗುತ್ತದೆ. ಇದನ್ನು ಬೆರಳಲ್ಲೇ ಗುರುತಿಸಬಹುದು. ಎರಡನೆಯ ಹಂತ ನಿಧಾನ. ಸುಣ್ಣದಿಂದ ಮಣ್ಣಿನ ಪಿಎಚ್ 12.4ರ ಆಸುಪಾಸಿಗೆ ಏರುತ್ತದೆ. ಆ ಕ್ಷಾರದಲ್ಲಿ ಜೇಡಿಯ ಸಿಲಿಕಾ, ಅಲ್ಯುಮಿನಾ ಕರಗಿ ಸುಣ್ಣದ ಜೊತೆ ಸೇರಿ ಸಿಮೆಂಟಿನಂಥ ಬಂಧ ಕಟ್ಟುತ್ತವೆ. ಇದಕ್ಕೆ ವಾರಗಳು, ತಿಂಗಳುಗಳು ಬೇಕು. ಒಣ ಮಣ್ಣಿನ ತೂಕದ ನೂರಕ್ಕೆ 3ರಿಂದ 6 ಪಾಲು ಸುಣ್ಣ ಸಾಮಾನ್ಯ. ಸರಿಯಾದ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಪಿಎಚ್ ನೋಡಿ ಹೇಳುತ್ತಾರೆ.

ಕೊರತೆ ಎಲ್ಲಿ ಅಂದರೆ ಬೆರೆಸುವುದರಲ್ಲಿ. ಹೆಂಟೆ ಒಡೆದು, ಪುಡಿ ಮಾಡಿ, ಸುಣ್ಣವನ್ನು ಸಮನಾಗಿ ಕಲೆಸಬೇಕು. ಇದು ಒಂದು ಒಂದೂವರೆ ಅಡಿ ಆಳಕ್ಕೆ ಆಗುವ ಕೆಲಸ. ಕುಣಿ ತೋಡಿ ಸುಣ್ಣ ತುಂಬಿಬಿಟ್ಟರೆ ಅದೇ ಹರಡುತ್ತದೆ ಅನ್ನುವವರಿದ್ದಾರೆ. ಬಿಗಿಯಾದ ಎರೆಯಲ್ಲಿ ಅದು ತೀರ ಸ್ವಲ್ಪ ದೂರ ಮಾತ್ರ ಹೋಗುತ್ತದೆ. ಹಾಗಾಗಿ ಹತ್ತಡಿ ಎರೆಯ ಮೇಲಿನ ಮನೆಗೆ ಸುಣ್ಣವೊಂದನ್ನೇ ನಂಬಬೇಡಿ. ನೆಲಹಾಸಿನ ಅಡಿಗೆ, ಅಂಗಳಕ್ಕೆ, ಲೇಔಟಿನ ರಸ್ತೆಗೆ, ಕಾಂಪೌಂಡಿನ ಒಳಗಿನ ಓಡಾಟದ ಜಾಗಕ್ಕೆ ಸುಣ್ಣದಷ್ಟು ಒಳ್ಳೆಯದು ಬೇರಿಲ್ಲ. ಅರಳಿಸಿದ ಸುಣ್ಣ, ತಾಜಾ ಇರಬೇಕು. ತಿಂಗಳುಗಟ್ಟಲೆ ಗಾಳಿಗೆ ಬಿದ್ದ ಸುಣ್ಣಕ್ಕೆ ಶಕ್ತಿ ಉಳಿದಿರುವುದಿಲ್ಲ. ಕೆಲಸ ಮಾಡುವವರ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಕೊಡಿಸಿ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಇಲ್ಲಿ ಒಂದು ಎಚ್ಚರಿಕೆಯನ್ನು ದೊಡ್ಡದಾಗಿ ಹೇಳಬೇಕು. ಸವಳು ಹೊಲ ಸರಿಪಡಿಸಲು ರೈತರು ಜಿಪ್ಸಂ ಹಾಕುತ್ತಾರೆ. ಅದೂ ಕ್ಯಾಲ್ಸಿಯಂ ಕೊಡುತ್ತದೆ, ಸೋಡಿಯಂ ಓಡಿಸುತ್ತದೆ, ಹೊಲಕ್ಕೆ ಅದು ಸರಿಯಾದ ಮದ್ದು. ಆದರೆ ಜಿಪ್ಸಂನಲ್ಲಿ ಸಲ್ಫೇಟ್ ಇದೆ. ಸಲ್ಫೇಟ್ ಇರುವ ಜೇಡಿಗೆ ಸುಣ್ಣ ಬೆರೆಸಿದರೆ, ಕರಗಿದ ಅಲ್ಯುಮಿನಾ, ಸಲ್ಫೇಟ್, ಸುಣ್ಣ, ನೀರು ಎಲ್ಲ ಸೇರಿ ಎಟ್ರಿಂಗೈಟ್ ಎಂಬ ಹರಳು ಬೆಳೆಯುತ್ತದೆ. ಅದು ತನ್ನೊಳಗೆ ತುಂಬಾ ನೀರು ಹಿಡಿದುಕೊಂಡು ಊದುತ್ತದೆ. ಉಬ್ಬು ನಿಲ್ಲಿಸಲು ಹಾಕಿದ ಸುಣ್ಣವೇ ಹೊಸ ಉಬ್ಬು ತರುತ್ತದೆ. ಗದ್ದೆ ಲೇಔಟ್ ಆದ ಕಡೆ ಸೈಟು ತಗೊಂಡಿದ್ದರೆ ಹಳೆ ಮಾಲೀಕರನ್ನು ಕೇಳಿ: "ಕಾಕಾ, ಈ ಹೊಲಕ್ಕ ಜಿಪ್ಸಂ ಹಾಕಿದ್ರೇನ್ರಿ?" ಅಷ್ಟು ಕೇಳಿದರೆ ಎಷ್ಟೋ ಉಳಿಯುತ್ತದೆ. ಆಮೇಲೆ ಸಲ್ಫೇಟ್ ಪರೀಕ್ಷೆ ಮಾಡಿಸಿ, ಅದು ಸರಿ ಬಂದರೆ ಮಾತ್ರ ಸುಣ್ಣ.

ಕಲ್ಲಿದ್ದಲು ಸುಟ್ಟಾಗ ಬರುವ ಹಾರುಬೂದಿ ನಮಗೆ ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರಗಳಿಂದ ಹತ್ತಿರದಲ್ಲೇ ಸಿಗುತ್ತದೆ. ನಮ್ಮ ದೇಶದ ಹಾರುಬೂದಿಯಲ್ಲಿ ಸುಣ್ಣದ ಅಂಶ ಸಾಮಾನ್ಯವಾಗಿ ಕಡಿಮೆ. ಬರೀ ಬೂದಿ ಬೆರೆಸಿದರೆ ಜೇಡಿಯ ಪಾಲು ತಗ್ಗುತ್ತದೆ, ಅಷ್ಟರ ಮಟ್ಟಿಗೆ ಉಬ್ಬು ತಗ್ಗುತ್ತದೆ. ಸುಣ್ಣದ ಜೊತೆ ಬೆರೆಸಿದರೆ ಎರಡನೆಯ ಹಂತದ ಬಂಧಕ್ಕೆ ಸಿಲಿಕಾ ಒದಗಿಸುತ್ತದೆ. ರಸ್ತೆಗೆ ಒಳ್ಳೆಯದು. ಒಂದು ಮನೆಯ ಮಟ್ಟಿಗೆ ಇದರ ಗೋಜು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಪೈಲ್ ಇಳಿಸುವುದು

ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಭೂಮಿಗಾಗಿಯೇ ರೂಪಿಸಿದ್ದು ಅಂಡರ್ ರೀಮ್ಡ್ ಪೈಲ್. ನೆಲದಲ್ಲಿ ರಂಧ್ರ ಕೊರೆದು, ಅದರ ಬುಡದಲ್ಲಿ ಗಡ್ಡೆಯಂತೆ ಅಗಲ ಮಾಡಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬುವ ವಿಧಾನ. ಗಡ್ಡೆಯ ಅಗಲ ಕಂಬದ ಎರಡೂವರೆ ಪಟ್ಟು. ಆಳವಾದ ಎರೆಯಲ್ಲಿ ಕನಿಷ್ಠ 3.5 ಮೀಟರ್ ಇಳಿಸಬೇಕು. ಆ ಆಳದಲ್ಲಿ ಬೇಸಿಗೆ ಮಳೆಗಾಲ ಎರಡರಲ್ಲೂ ತೇವ ಹೆಚ್ಚು ಕಡಿಮೆ ಒಂದೇ ಇರುತ್ತದೆ. ತೇವ ಬದಲಾಗದಿದ್ದರೆ ಹಾಳೆಗಳ ಅಂತರವೂ ಬದಲಾಗುವುದಿಲ್ಲ.

ಮೇಲಿನ ಎರೆ ಉಬ್ಬುವಾಗ ಕಂಬವನ್ನು ಹಿಡಿದು ಮೇಲಕ್ಕೆ ಎಳೆಯುತ್ತದೆ. ಗಡ್ಡೆ ಬಿಗಿಯಾಗಿ ಹಿಡಿದು ಅದನ್ನು ತಡೆಯುತ್ತದೆ. ಹಾಗಾಗಿ ಕಬ್ಬಿಣ ಪೂರ್ತಿ ಉದ್ದಕ್ಕೂ ಇರಬೇಕು, ಅರ್ಧಕ್ಕೆ ನಿಲ್ಲಿಸುವಂತಿಲ್ಲ.

ಪೈಲ್ ಕೆಲಸದಲ್ಲಿ ಎರಡು ಕಡೆ ಕಣ್ಣಿಡಿ. ಪೈಲ್‌ಗಳ ಮೇಲೆ ಕೂತು ಗೋಡೆ ಹೊರುವ ಪ್ಲಿಂತ್ ಬೀಮಿನ ತಳ ನೆಲಕ್ಕೆ ತಾಗಬಾರದು. ನಡುವೆ ಕನಿಷ್ಠ 80 ಮಿಲಿಮೀಟರ್ ಸಂದಿ ಇರಬೇಕು, ಮಣ್ಣು ಉಬ್ಬಿದರೆ ಆ ಸಂದಿಯಲ್ಲಿ ಉಬ್ಬಲಿ ಅಂತ. ಕೆಲಸದ ಗಡಿಬಿಡಿಯಲ್ಲಿ ಅದನ್ನು ಮಣ್ಣಿನಿಂದ ತುಂಬಿಬಿಟ್ಟರೆ ಪೈಲಿಗೆ ಹಾಕಿದ ದುಡ್ಡು ವ್ಯರ್ಥ. ಎರಡನೆಯದು ಮನೆಯೊಳಗಿನ ನೆಲ. ಪೈಲ್ ಗೋಡೆಗಳನ್ನು ಕಾಯುತ್ತದೆ. ನೆಲಹಾಸು ಎರೆಯ ಮೇಲೆಯೇ ಕೂತಿದ್ದರೆ ಅದು ಪ್ರತ್ಯೇಕವಾಗಿ ಉಬ್ಬುತ್ತದೆ, ಟೈಲ್ಸ್ ಏಳುತ್ತವೆ, ಬಾಗಿಲು ನೆಲಕ್ಕೆ ಉಜ್ಜುತ್ತದೆ. ನೆಲದ ಅಡಿಗೆ ಸುಣ್ಣ ಬೆರೆಸಿದ ಪದರ ಅಥವಾ ಮರಂ ಪದರ ಹಾಕಿಸಿ. ಕೈಯಲ್ಲಿ ದುಡ್ಡಿದ್ದರೆ ನೆಲವನ್ನೂ ಬೀಮಿನ ಮೇಲೆ ಸ್ಲ್ಯಾಬ್ ಮಾಡಿಸಿ.

ಬರೀ ಕಬ್ಬಿಣ ಜಾಸ್ತಿ ಹಾಕಿದರೆ?

ಎರೆ ಮಣ್ಣಿನ ಉಬ್ಬುವ ಒತ್ತಡ ಚದರ ಮೀಟರಿಗೆ 10ರಿಂದ 30 ಟನ್‌ವರೆಗೆ ಹೋಗುವುದುಂಟು. ಒಂದಂತಸ್ತಿನ ಮನೆಯ ಗೋಡೆ ಬುನಾದಿಯ ಮೇಲೆ ಹೇರುವ ಭಾರ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ನೆಲಹಾಸಿನ ಭಾರ ಅಂತೂ ತೀರ ಕಡಿಮೆ, ಅದಕ್ಕೇ ಮೊದಲು ಏಳುವುದು ನೆಲವೇ. ಕಬ್ಬಿಣ ಈ ಬಲವನ್ನು ಒಂದಿಷ್ಟೂ ಇಳಿಸುವುದಿಲ್ಲ. ಮನೆ ಒಂದೇ ತುಂಡಾಗಿ ಮೇಲೆ ಕೆಳಗೆ ಆಗುವಂತೆ ಹಿಡಿಯುತ್ತದೆ. ಇಂಡೆಕ್ಸ್ 50ರ ಒಳಗಿದ್ದರೆ ಗಟ್ಟಿ ಪ್ಲಿಂತ್ ಬೀಮ್, ಲಿಂಟಲ್ ಬ್ಯಾಂಡ್ ಇಷ್ಟರಲ್ಲೇ ಮುಗಿಸಬಹುದು. 100 ದಾಟಿದ ಕಡೆ ಇದನ್ನೇ ನಂಬುವುದು ಬೇಡ. ಪಕ್ಕದ ಮನೆ ಮೂರಂತಸ್ತಿನದಾಗಿದ್ದು ಏನೂ ಆಗದೆ ನಿಂತಿದ್ದರೆ, ಅದರ ಭಾರವೇ ಉಬ್ಬನ್ನು ಅದುಮಿ ಹಿಡಿದಿರಬಹುದು. ಅದನ್ನು ನೋಡಿ ನಿಮ್ಮ ಒಂದಂತಸ್ತಿಗೆ ತೀರ್ಮಾನ ಮಾಡಬೇಡಿ.

ಒಣ ಹೊಲವೋ, ಹಳೆ ಗದ್ದೆಯೋ

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಆಯ್ಕೆ ಇದರ ಮೇಲೂ ನಿಂತಿದೆ. ಬಳ್ಳಾರಿ, ಕುಷ್ಟಗಿ ಕಡೆಯ ಒಣ ಹೊಲದಲ್ಲಿ ಮನೆ ಕಟ್ಟಿದರೆ ಕೆಳಗಿನ ಮಣ್ಣು ಒಣಗಿರುತ್ತದೆ. ಮೇಲೆ ನೆಲಹಾಸು ಬಂದ ಮೇಲೆ ತೇವ ಆವಿಯಾಗುವ ದಾರಿ ಮುಚ್ಚುತ್ತದೆ. ವರ್ಷಗಳು ಕಳೆದಂತೆ ಮನೆಯ ನಡುಭಾಗದಲ್ಲಿ ತೇವ ಸೇರಿ ಅಲ್ಲಿ ಉಬ್ಬುತ್ತದೆ. ಇಲ್ಲಿ ಹೋರಾಟ ಉಬ್ಬಿನ ಜೊತೆ. ಪೈಲ್, ಮರಂ ಪದರ ಎರಡೂ ಸರಿ.

ಸಿಂಧನೂರು, ಗಂಗಾವತಿ ಕಡೆಯ ಹಳೆ ಗದ್ದೆಯಲ್ಲಿ ಮಣ್ಣು ದಶಕಗಟ್ಟಲೆ ನೆನೆದು ಆಗಲೇ ಉಬ್ಬಿ ಕೂತಿದೆ. ಲೇಔಟ್ ಆದ ಮೇಲೆ ನೀರು ನಿಲ್ಲುತ್ತದೆ, ಮಣ್ಣು ಒಣಗಿ ಕುಗ್ಗುತ್ತದೆ. ಜೊತೆಗೆ ಮನೆಯ ಭಾರಕ್ಕೆ ನೀರು ಹಿಂಡಿ ಕುಸಿಯುತ್ತದೆ. ಇಲ್ಲಿ ಹೋರಾಟ ಕುಸಿತದ ಜೊತೆ. ಮೂಲೆಗಳು ಮೊದಲು ಇಳಿಯುತ್ತವೆ. ಇಂಥ ಕಡೆ ತೆಳ್ಳನೆಯ ಮರಂ ಪದರದಿಂದ ಉಪಯೋಗ ಕಡಿಮೆ, ಏಕೆಂದರೆ ಕುಸಿತ ಅದರ ಕೆಳಗೇ ನಡೆಯುತ್ತದೆ. ಗಟ್ಟಿ ಪದರದವರೆಗೆ ಹೋಗುವ ಪೈಲೇ ಬೇಕು.

ಒಟ್ಟಿನಲ್ಲಿ ನನ್ನನ್ನು ಕೇಳಿದರೆ: ಗರಸು ಐದು ಅಡಿಯೊಳಗೆ ಸಿಕ್ಕರೆ ಮಣ್ಣು ತೆಗೆಯಿರಿ. ಅದಕ್ಕಿಂತ ಆಳ, ಒಣ ಹೊಲ, ಇಂಡೆಕ್ಸ್ 100ರ ಒಳಗೆ, ಒಂದಂತಸ್ತು ಆದರೆ ಒಂದು ಮೀಟರ್ ಮರಂ ಪದರದ ಮೇಲೆ ಗಟ್ಟಿ ಬೀಮ್ ಹಾಕಿ. ಇಂಡೆಕ್ಸ್ 100 ದಾಟಿದರೆ, ಹಳೆ ಗದ್ದೆಯಾದರೆ, ಲೋಟದಲ್ಲಿ ಮಬ್ಬು ಕಂಡರೆ ಪೈಲ್. ಸುಣ್ಣ ಇವೆಲ್ಲದರ ಜೊತೆಗೆ ನೆಲಕ್ಕೆ, ಅಂಗಳಕ್ಕೆ.

ಯಾವುದನ್ನೇ ಆರಿಸಿದರೂ ಇದು ಬೇಕು

ತೇವ ಏರುಪೇರಾಗದಿದ್ದರೆ ಯಾವ ಎರೆಯೂ ಕಾಡುವುದಿಲ್ಲ. ಮನೆ ಸುತ್ತ ಆರೇಳು ಅಡಿ ಅಗಲದ ಕಾಂಕ್ರೀಟ್ ಹಾಸು ಹೊರಕ್ಕೆ ಇಳಿಜಾರಾಗಿ ಇರಲಿ. ಮಾಳಿಗೆಯ ನೀರು ಗೋಡೆ ಬುಡಕ್ಕೆ ಬೀಳಬಾರದು. ಬಚ್ಚಲ ಪೈಪು ಸೋರದಂತೆ ನೋಡಿಕೊಳ್ಳಿ, ಒಂದೇ ಮೂಲೆ ನೆನೆದರೆ ಆ ಮೂಲೆ ಮಾತ್ರ ಏಳುತ್ತದೆ. ಬೇವಿನಂಥ ದೊಡ್ಡ ಮರವನ್ನು ಅದು ಬೆಳೆಯುವ ಎತ್ತರದಷ್ಟಾದರೂ ದೂರ ನೆಡಿ. ಗೋಡೆಗೆ ತಾಗಿ ಕೈತೋಟ ಮಾಡಿ ಸೋಡಾ ಅಂಶದ ಬೋರಿನ ನೀರು ಹಾಯಿಸಬೇಡಿ. ಅಂಥ ನೀರಿನ ಕಾರ್ಬೊನೇಟ್ ಮಣ್ಣಿನ ಕ್ಯಾಲ್ಸಿಯಂ ಅನ್ನು ಸುಣ್ಣದ ಕಲ್ಲಾಗಿ ಕೂರಿಸಿ, ಹಾಳೆಗಳ ಮೇಲೆ ಸೋಡಿಯಂಗೆ ಜಾಗ ಮಾಡಿಕೊಡುತ್ತದೆ. ಒಳ್ಳೆಯ ಮಣ್ಣನ್ನು ನಾವೇ ಕೆಡಿಸಿದಂತೆ ಅಲ್ವಾ?

ಆಗಲೇ ಬಿರುಕು ಬಿಟ್ಟ ಮನೆಯವರು ತೇಪೆ ಹಚ್ಚುವ ಮೊದಲು ಬಿರುಕನ್ನು ನೋಡಿ. ಮೇಲ್ಗಡೆ ಅಗಲ, ಕೆಳಗಡೆ ಸಣ್ಣ ಇದ್ದರೆ ಮನೆಯ ನಡು ಎದ್ದಿದೆ ಅಥವಾ ಅಂಚು ಇಳಿದಿದೆ. ಕೆಳಗಡೆ ಅಗಲ ಇದ್ದರೆ ಅಂಚು ಎದ್ದಿದೆ, ಅಂದರೆ ಹೊರಗಿನಿಂದ ನೀರು ನುಗ್ಗುತ್ತಿದೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಅಂತರ ಅಳೆದು ತಾರೀಖು ಬರೆದಿಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಆ ಅಳತೆಗಳನ್ನು ಎಂಜಿನಿಯರ್ ಕೈಗೆ ಕೊಟ್ಟರೆ ಅವರಿಗೆ ಊಹೆ ಮಾಡುವ ಕೆಲಸ ಇರುವುದಿಲ್ಲ.

ಹೊಸದಾಗಿ ಕಟ್ಟುವವರು ಮಣ್ಣಿನ ಮಾದರಿ ಕೊಡುವಾಗ 1, 2, 3 ಮೀಟರ್ ಆಳದ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆಳ ಬರೆದು ಕೊಡಿ. ಉಬ್ಬುವ ಒತ್ತಡ ಅಳೆಯಲು ಕಲಕದ ಮಣ್ಣು ಬೇಕಾಗುತ್ತದೆ, ಅದನ್ನು ಪ್ರಯೋಗಾಲಯದವರೇ ಬಂದು ಕೊಳವೆ ಇಳಿಸಿ ತೆಗೆಯಲಿ. ಕೇಳಬೇಕಾದ ಪರೀಕ್ಷೆಗಳು ಇವು: ಫ್ರೀ ಸ್ವೆಲ್ ಇಂಡೆಕ್ಸ್, ಉಬ್ಬುವ ಒತ್ತಡ, ಲಿಕ್ವಿಡ್ ಲಿಮಿಟ್, ಪ್ಲಾಸ್ಟಿಕ್ ಲಿಮಿಟ್, ಪಿಎಚ್, ಸಲ್ಫೇಟ್, ಮತ್ತು ಗದ್ದೆಯ ಸೈಟಾದರೆ ವಿನಿಮಯ ಸೋಡಿಯಂನ ಪ್ರಮಾಣ (ಹಾಳೆಗಳು ಹಿಡಿದ ಅಯಾನುಗಳಲ್ಲಿ ಸೋಡಿಯಂನ ಪಾಲು). ಕೊನೆಯದು ನೂರಕ್ಕೆ 15 ದಾಟಿದ್ದರೆ ಆ ಮಣ್ಣು ಸೋಡಿಯಂ ಕೈಯಲ್ಲಿದೆ ಅಂತ ತಿಳಿಯಿರಿ. ಇದನ್ನು ಕಟ್ಟಡದ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ನೋಡುವುದಿಲ್ಲ, ಕೃಷಿ ಮಣ್ಣು ಪರೀಕ್ಷೆ ಮಾಡುವ ಕಡೆ ಕೊಡಬೇಕಾಗುತ್ತದೆ.